ಮುಳ್ಳುಹಂದಿಗೆ ಫೋಟೊ ಒಂದೇ ಸಾಲದು

ಮಾನ್ಯ ಸಂಪಾದಕರಿಗೆ,

ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೈತೋಟದ ಅಲಂಕಾರದ ಬಗ್ಗೆ ಬಂದ ಲೇಖನ ಓದಿದೆ. ಗಿಡಗಳ ಬಗ್ಗೆ ಬರೆದದ್ದೆಲ್ಲ ಚೆನ್ನಾಗಿದೆ. ಆದರೆ ಕೊನೆಯಲ್ಲಿ ಒಂದು ಮಾತು ಬರುತ್ತದೆ. ಮಕ್ಕಳಿಗೆ ಇಷ್ಟವಾದ ಕಥೆಪುಸ್ತಕದ ಚಿತ್ರವನ್ನು ಫೋಟೊ ತೆಗೆದು ಕೊಟ್ಟರೆ ಸಾಕು, ಹಾಗೇ ಒಂದು ಮೂರ್ತಿ ಮಾಡಿಕೊಡುತ್ತಾರೆ, ತಿಂಗಳೊಳಗೆ ತೋಟದಲ್ಲಿ ನಿಲ್ಲಿಸಬಹುದು ಅಂತ. ಈ ಮಾತಿಗೆ ನನ್ನ ತಕರಾರಿದೆ. ಇದನ್ನೇ ನಂಬಿ ನಾನೂ ಒಮ್ಮೆ ಕೈ ಸುಟ್ಟುಕೊಂಡವಳು.

ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ. ಉತ್ತರ ಸರಿ ಇದ್ದರೂ ನಡುವಿನ ಹೆಜ್ಜೆ ಬಿಟ್ಟಿದ್ದರೆ ಅಂಕ ಕಳೆಯುತ್ತಿದ್ದೆ. ಆ ಲೇಖನದಲ್ಲಿ ಬಹಳ ಹೆಜ್ಜೆ ಬಿಟ್ಟುಹೋಗಿದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ, ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ನಮ್ಮ ಮನೆಯ ಪುಸ್ತಕದ ವಿಷಯ. ಅದರ ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅದರಲ್ಲಿ ಒಂದು ಮುಳ್ಳುಹಂದಿ ಇದೆ. ರಾತ್ರಿ ಹೊತ್ತು ಲಾಟೀನು ಹಿಡಿದು ಓಡಾಡುತ್ತದೆ. ದಾರಿ ತಪ್ಪಿದವರನ್ನೆಲ್ಲ ಮನೆ ಮುಟ್ಟಿಸುತ್ತದೆ. ಒಂದು ಮೊಲ, ಒಂದು ಗೂಬೆಮರಿ, ಸದಾ ಗೊಣಗುವ ಒಂದು ಮುದಿ ಕಪ್ಪೆ. ಕೊನೆಗೆ ತಾನೊಂದೇ ಉಳಿಯುತ್ತದೆ. ಇಷ್ಟೇ ಕಥೆ, 32 ಪುಟ.

ಮಗನಿಗೆ ಐದು, ಮಗಳಿಗೆ ಮೂರು ವರ್ಷ ಇದ್ದಾಗ ತಂದದ್ದು. ರಾತ್ರಿ ಓದಿ ಹೇಳುವ ಕೆಲಸ ನಮ್ಮ ಯಜಮಾನರದು. ಅವರಿಗೆ ಮಕ್ಕಳಿಗಿಂತ ಮೊದಲೇ ನಿದ್ದೆ ಬರುತ್ತಿತ್ತು, ಹಾಗಾಗಿ ಎರಡು ಪುಟ ಒಟ್ಟಿಗೆ ಮಗುಚುತ್ತಿದ್ದರು. ಮಗಳು ಬಿಡುತ್ತಿರಲಿಲ್ಲ. "ಅಪ್ಪಾ, ಕಪ್ಪೆ ಎಲ್ಲಿ?" ಅಂತ ಕೈ ಹಿಡಿದು ಹಿಂದಕ್ಕೆ ತಿರುಗಿಸುತ್ತಿದ್ದಳು. ಹೀಗೆ ಎಳೆದಾಡಿ ಎಳೆದಾಡಿ ಒಂದು ದಿನ 21-22ನೇ ಪುಟದ ಹಾಳೆ ಕಿತ್ತು ಬಂತು. ಎಲ್ಲೋ ಜೋಪಾನವಾಗಿ ಇಟ್ಟೆವು. ಜೋಪಾನವಾಗಿ ಇಟ್ಟದ್ದು ಮತ್ತೆ ಸಿಗುತ್ತಾ? ಸಿಗಲಿಲ್ಲ.

ಕಪ್ಪೆಯನ್ನು ಬಿಟ್ಟು ಬಂದ ಮೇಲೆ, ಮುಳ್ಳುಹಂದಿ ತನ್ನ ಬಿಲ ಸೇರುವುದಕ್ಕೆ ಮೊದಲು, ಆ ಹಾಳೆ ಇತ್ತು. ಅಲ್ಲಿ ಏನಿತ್ತು ಅನ್ನುವುದು ನಮ್ಮ ಮನೆಯ ಮುಗಿಯದ ಜಗಳ. ಮುಳ್ಳುಹಂದಿ ಹಳ್ಳಕ್ಕೆ ಬಿದ್ದು ದೀಪ ಆರಿಹೋಯಿತು ಅಂತ ಮಗ. ಸುಸ್ತಾಗಿ ದಾರಿ ಬದಿಯಲ್ಲಿ ಸುಮ್ನೆ ಕೂತುಕೊಂಡಿತು ಅಂತ ಮಗಳು. ಲಾಟೀನನ್ನು ಕೊಂಬೆಗೆ ನೇತು ಹಾಕಿ ಮಲಗಿಬಿಟ್ಟಿತು ಅಂತ ಯಜಮಾನರು, ಅವರಿಗೆ ಎಲ್ಲಿ ನೋಡಿದರೂ ನಿದ್ದೆಯೇ. ಏನೂ ಆಗಿರಲಿಲ್ಲ, ಬರೀ ನಡೆದುಕೊಂಡು ಹೋಗುತ್ತಿತ್ತು ಅಂತ ನಾನು. ಓದಿ ಹೇಳಿದವರಿಗೇ ನೆನಪಿಲ್ಲ ಅಂದರೆ ಕೇಳಿದವರ ಕಥೆ ಏನು!

ಈಗ ಮಕ್ಕಳಿಗೆ ಮಕ್ಕಳಿದ್ದಾರೆ. ಪುಸ್ತಕದ ಹೊಲಿಗೆ ಪೂರ್ತಿ ಬಿಚ್ಚಿದೆ, ಮೂಲೆಗಳು ಪುಡಿಯಾಗುತ್ತಿವೆ, ಮೊಮ್ಮಕ್ಕಳ ಕೈಗೆ ಕೊಡುವಂತಿಲ್ಲ. ಮರುಮುದ್ರಣ ಆಗಿಲ್ಲ. ಹಾಗಾದರೆ ಮುಳ್ಳುಹಂದಿಯನ್ನೇ ತೋಟಕ್ಕೆ ಕರೆಸೋಣ ಅಂತ ಮಗಳು ಹೇಳಿದಳು. ಶುರುವಾದದ್ದು ಹೀಗೆ.

ನಿಮ್ಮ ಲೇಖನ ಹೇಳಿದ ಹಾಗೆಯೇ ಮಾಡಿದೆವು. ಮುಖಪುಟದ ಫೋಟೊ ತೆಗೆದು ಮೂರ್ತಿ ಮಾಡುವ ಒಂದು ಕಡೆ ಕೊಟ್ಟೆವು. ಐದು ವಾರಕ್ಕೆ ಫೈಬರಿನ ಮುಳ್ಳುಹಂದಿ ಬಂತು. ಮುಂದಿನಿಂದ ನೋಡಿದರೆ ಚಿತ್ರದ ಹಾಗೇ ಇತ್ತು, ಸುಳ್ಳು ಹೇಳಬಾರದು. ಪಕ್ಕಕ್ಕೆ ಹೋಗಿ ನೋಡಿದರೆ ಮುಖ ಚಪ್ಪಟೆ, ತಟ್ಟೆಗೆ ಮೂಗು ಅಂಟಿಸಿದ ಹಾಗೆ. ಲಾಟೀನು ಒಂದು ಬಿಲ್ಲೆ. ಹಿಂದೆ ಹೋದರೆ ಏನೂ ಇಲ್ಲ, ನುಣ್ಣಗಿನ ಒಂದು ಗುಡ್ಡ. ಕೇಳಿದ್ದಕ್ಕೆ, "ಫೋಟೊದಲ್ಲಿ ಹಿಂದುಗಡೆ ಇರಲಿಲ್ಲವಲ್ಲ ಮೇಡಂ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ತಪ್ಪು ನಮ್ಮದು. ಚಿತ್ರಕ್ಕೆ ಒಂದೇ ಕಡೆ. ತೋಟದಲ್ಲಿ ಮಗು ಸುತ್ತಲೂ ಓಡುತ್ತದೆ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಂದು ಬಣ್ಣ ಸುಣ್ಣದ ಹಾಗಾಯಿತು. ಬಿಸಿಲಿನ ನೇರಳಾತೀತ ಕಿರಣ ಮೇಲಿನ ರಾಳವನ್ನು ತಿಂದುಹಾಕುತ್ತದೆ, ಆಮೇಲೆ ಒಳಗಿನ ಗಾಜಿನ ನಾರು ಹೊರಗೆ ಬರುತ್ತದೆ. ಮೊಮ್ಮಗಳು ಅದರ ಬೆನ್ನು ಸವರಿ ಅಂಗೈ ತುರಿಸಿಕೊಂಡು ಅತ್ತಳು. ಅವತ್ತೇ ತೆಗೆಸಿಬಿಟ್ಟೆ. ಎಲ್ಲ ಫೈಬರೂ ಹೀಗೇ ಅಂತಲ್ಲ. ಬಿಸಿಲು ತಡೆಯುವ ಲೇಪ ಕೊಟ್ಟು, ಕಾಲಕಾಲಕ್ಕೆ ಮತ್ತೆ ಬಳಿಸಿಕೊಂಡರೆ ಬಾಳುತ್ತದೆ. ಅದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದನ್ನು ತೋರಿಸಿಕೊಟ್ಟದ್ದು ನನ್ನ ಹಳೇ ವಿದ್ಯಾರ್ಥಿನಿ. ಈಗ ವಕೀಲೆ. ಮನೆಗೆ ಬಂದವಳು ಮುಳ್ಳುಹಂದಿ ನೋಡಿ, "ಟೀಚರ್, ಚಿತ್ರ ಬರೆದವರನ್ನ ಕೇಳಿದ್ರಾ?" ಅಂದಳು. ನಾನು ತಬ್ಬಿಬ್ಬು. ನಮ್ಮ ಮನೆ, ನಮ್ಮ ತೋಟ, ನಾವು ಕೊಂಡ ಪುಸ್ತಕ, ಕೇಳುವುದೇನು? ಅವಳು ನನಗೆ ಹೆಜ್ಜೆ ಹೆಜ್ಜೆಯಾಗಿ ಪಾಠ ಮಾಡಿದಳು. ಪುಸ್ತಕ ಕೊಂಡರೆ ಕಾಗದ ನಮ್ಮದು, ಚಿತ್ರ ನಮ್ಮದಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಚಪ್ಪಟೆ ಚಿತ್ರವನ್ನು ಮೂರು ಆಯಾಮದ ವಸ್ತುವಾಗಿ ಮಾಡುವ ಹಕ್ಕೂ ಚಿತ್ರಕಾರರದೇ. ಕಥೆ ಬರೆದವರಿಗೆ ಒಂದು ಹಕ್ಕು, ಚಿತ್ರ ಬರೆದವರಿಗೆ ಬೇರೆ ಹಕ್ಕು. ಅವರು ತೀರಿಕೊಂಡ ಮೇಲೂ 60 ವರ್ಷ ಅದು ವಾರಸುದಾರರ ಹತ್ತಿರ ಇರುತ್ತದೆ. ಯುರೋಪಿನ ದೇಶಗಳಲ್ಲಿ 70.

ಒಂದು ಉದಾಹರಣೆ ಕೊಡು ಅಂದೆ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಮತ್ಸ್ಯಕನ್ಯೆಯ ಮೂರ್ತಿಯದು ಕೊಟ್ಟಳು. ಆ ಕಥೆ ಬರೆದ ಆಂಡರ್ಸನ್ ತೀರಿಕೊಂಡದ್ದು 1875ರಲ್ಲಿ. ಕಥೆ ಈಗ ಎಲ್ಲರದು, ಯಾರು ಬೇಕಾದರೂ ಹೇಳಬಹುದು. ಆದರೆ ಬಂಡೆಯ ಮೇಲೆ ಕೂತ ಆ ಕಂಚಿನ ಮೂರ್ತಿ ಮಾಡಿದ ಎಡ್ವರ್ಡ್ ಎರಿಕ್ಸನ್ ತೀರಿಕೊಂಡದ್ದು 1959ರಲ್ಲಿ. 70 ಕೂಡಿಸಿ ನೋಡಿ, 2029ರ ಕೊನೆಯವರೆಗೂ ಆ ಮೂರ್ತಿಯ ಹಕ್ಕು ಅವರ ಮನೆಯವರದು. ಒಂದು ಪತ್ರಿಕೆ ಅದರ ವ್ಯಂಗ್ಯಚಿತ್ರ ಹಾಕಿದ್ದಕ್ಕೇ ಕೋರ್ಟಿಗೆ ಹೋಗಿದ್ದರು. ಕೆಳಗಿನ ಕೋರ್ಟುಗಳಲ್ಲಿ ಪತ್ರಿಕೆ ಸೋತಿತು. 2023ರಲ್ಲಿ ಡೆನ್ಮಾರ್ಕಿನ ಸುಪ್ರೀಂ ಕೋರ್ಟು ಪತ್ರಿಕೆಯ ಪರ ತೀರ್ಪು ಕೊಟ್ಟಿತು. ಮಾತು ಏನೆಂದರೆ, ಕಥೆ ಹಳೆಯದು ಅಂತ ಅದರ ಚಿತ್ರವೋ ಮೂರ್ತಿಯೋ ಹಳೆಯದಾಗಿರಬೇಕಿಲ್ಲ. ಲೆಕ್ಕ ಬೇರೆ ಬೇರೆ.

ನನಗೆ ನಾಚಿಕೆಯಾಯಿತು. ಕಾಪಿ ಹೊಡೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು.

ಪುಸ್ತಕ ಹಾಕಿದ ಪ್ರಕಾಶನ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಪುಸ್ತಕಗಳೆಲ್ಲ ಇನ್ನೊಬ್ಬ ಪ್ರಕಾಶಕರ ಕೈಗೆ ಹೋಗಿದ್ದವು. ಅವರಿಗೆ ಬರೆದೆವು. ಅವರು ಲೇಖಕರ ಕಡೆಯವರ ವಿಳಾಸ ಕೊಟ್ಟರು. ಲೇಖಕರ ಕಡೆಯವರು, ಕಥೆಗೆ ನಮ್ಮದೇನೂ ಅಡ್ಡಿಯಿಲ್ಲ, ಆದರೆ ಚಿತ್ರಕ್ಕೆ ಚಿತ್ರಕಾರರ ಮಗಳನ್ನು ಕೇಳಿ ಅಂದರು. ಹೀಗೆ ಏಳು ತಿಂಗಳು ಹೋಯಿತು. ಮಗನಿಗೆ ತಾಳ್ಮೆ ತಪ್ಪಿತು. "ಅಮ್ಮಾ, ತೋಟಕ್ಕೆ ಬಂದು ಯಾರು ಚೆಕ್ ಮಾಡ್ತಾರೆ?" ಅಂದ. ಯಾರೂ ಮಾಡುವುದಿಲ್ಲ, ನಿಜ. ಪರೀಕ್ಷೆಯಲ್ಲಿ ಮೇಲ್ವಿಚಾರಕರು ಆಚೆ ಹೋದರೆ ನೀನು ಪಕ್ಕದವನದು ನೋಡಿ ಬರೀತಿದ್ಯಾ ಅಂತ ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಬರೀತಿದ್ದ ಅಂತ ಕಾಣುತ್ತದೆ.

ಕೊನೆಗೆ ಚಿತ್ರಕಾರರ ಮಗಳ ಪತ್ರ ಬಂತು. ಒಪ್ಪಿಗೆ ಕೊಟ್ಟಿದ್ದರು. ಷರತ್ತುಗಳು ಹೆಚ್ಚೇನಿರಲಿಲ್ಲ. ಒಂದೇ ಮೂರ್ತಿ ಮಾಡಬೇಕು. ಮಾರಬಾರದು. ಪುಸ್ತಕದ ಹೆಸರನ್ನು ಎಲ್ಲೂ ಪ್ರಚಾರಕ್ಕೆ ಬಳಸಬಾರದು. ನಾನು ಇಲ್ಲಿ ಹೆಸರು ಬರೆಯದಿರುವುದು ಅದಕ್ಕೇ. ಮೂರ್ತಿಯ ಬುಡದಲ್ಲಿ ಅವರ ತಂದೆಯ ಹೆಸರು ಇರಬೇಕು. ಮಣ್ಣಿನ ಮಾದರಿಯ ಫೋಟೊಗಳನ್ನು ಮೊದಲು ಅವರಿಗೆ ಕಳಿಸಬೇಕು. ಆಮೇಲೆ ಒಂದು ಪ್ರಶ್ನೆ: ಯಾವ ಪುಟದ ಮುಳ್ಳುಹಂದಿ?

ಅಷ್ಟು ಹೊತ್ತಿಗೆ ನಮಗೆ ಒಬ್ಬರು ಶಿಲ್ಪಿ ಸಿಕ್ಕಿದ್ದರು. ನನ್ನ ಮಗಳಿಗಿಂತ ಚಿಕ್ಕವರು, ಮಾತು ಕಡಿಮೆ. ಮೊದಲ ದಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಪುಟ ಮಗುಚಿದರು. ಆಮೇಲೆ ಮುಚ್ಚಿಟ್ಟು, "ಇದರ ಬೆನ್ನು ಹೇಗಿದೆ, ಹೇಳಿ" ಅಂದರು. ಉಳಿದ 30 ಪುಟದಲ್ಲಿ ಎಲ್ಲೂ ಅದರ ಬೆನ್ನು ಕಾಣುವುದಿಲ್ಲ. ಎಲ್ಲ ಚಿತ್ರದಲ್ಲೂ ಅದು ನಮ್ಮ ಕಡೆಗೇ ಬರುತ್ತಿರುತ್ತದೆ. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದೆವು. ಅವರು ಎಲ್ಲವನ್ನೂ ಬರೆದುಕೊಂಡರು. ಕಳೆದುಹೋದ ಹಾಳೆಯ ಜಗಳವನ್ನೂ ಕೇಳಿಸಿಕೊಂಡರು. ಅವತ್ತು ಅವರು ನಕ್ಕದ್ದು ಅದೊಂದಕ್ಕೆ. "ಇರೋ ಪುಟಗಳನ್ನ ಚಿತ್ರಕಾರರು ಆಗಲೇ ಮಾಡಿಬಿಟ್ಟಿದ್ದಾರೆ. ನಾನು ಇಲ್ಲದೇ ಇರೋದನ್ನ ಮಾಡ್ತೀನಿ" ಅಂದರು.

ಹಾಗೆ ತೀರ್ಮಾನವಾಯಿತು. ಮಗಳ ಕಥೆ ಗೆದ್ದಿತು, ದಾರಿ ಬದಿಯಲ್ಲಿ ಸುಸ್ತಾಗಿ ಕೂತ ಮುಳ್ಳುಹಂದಿ. ಕೂತ ಪ್ರಾಣಿಯ ಪಕ್ಕ ಮಗು ಕೂರಬಹುದು, ನಿಂತದ್ದರ ಪಕ್ಕ ಕೂರಲು ಆಗುವುದಿಲ್ಲ. ಶಿಲ್ಪಿ ಕೊಟ್ಟ ಕಾರಣ ಇಷ್ಟೇ.

ಚಿತ್ರಕಾರರ ಮಗಳಿಗೆ ಇದನ್ನೆಲ್ಲ ಬರೆದೆವು. ಅವರು ಒಪ್ಪಿದರು. ಜೊತೆಗೆ ತಮ್ಮ ಹತ್ತಿರ ಇದ್ದ ಪ್ರತಿಯಿಂದ ಆ ಹಾಳೆಯನ್ನು ನಕಲು ಮಾಡಿ ಒಂದು ಲಕೋಟೆಯಲ್ಲಿ ಕಳಿಸಿದರು. ಶಿಲ್ಪಿ ಮಾತ್ರ ಅದನ್ನು ಮುಟ್ಟಲಿಲ್ಲ. "ಎರಕ ಆಗೋ ತನಕ ಒಡೀಬೇಡಿ, ನೋಡಿದ್ರೆ ನನ್ನ ಕೈ ಅಲ್ಲಿಗೇ ಹೋಗುತ್ತೆ" ಅಂದರು. ಯಜಮಾನರು ಲಕೋಟೆಯನ್ನು ಬೀರುವಿನ ಮೇಲಿಟ್ಟು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟರು. ಎಲ್ಲಿಟ್ಟಿದ್ದೇವೆ ಅಂತ ಈ ಸಲ ಗೋಡೆಯ ಮೇಲೆ ಬರೆದೂ ಇಟ್ಟರು.

ಅಳತೆಯ ವಿಷಯಕ್ಕೆ ಬರುತ್ತೇನೆ, ಇದು ನನ್ನ ಕ್ಷೇತ್ರ. ಮಗ ಐದಡಿ ಎತ್ತರ ಬೇಕು ಅಂದ. ಶಿಲ್ಪಿ ಎರಡಡಿ ಸಾಕು ಅಂದರು. ಕಂಚಿನ ಮೂರ್ತಿ ಒಳಗೆ ಟೊಳ್ಳು, ಮೈ ಸುಮಾರು ಐದು ಮಿಲಿಮೀಟರ್ ದಪ್ಪ. ಟೊಳ್ಳಾದ್ದರಿಂದ ಎತ್ತರ ಎರಡು ಪಟ್ಟು ಆದರೆ ಲೋಹ ಎಂಟು ಪಟ್ಟು ಆಗುವುದಿಲ್ಲ, ಮೈಯ ವಿಸ್ತೀರ್ಣದ ಹಾಗೆ ನಾಲ್ಕು ಪಟ್ಟು ಆಗುತ್ತದೆ. ಎರಡೂವರೆ ಅಡಿಗೆ ಐವತ್ತು ಕಿಲೋ ಇದ್ದರೆ ಐದಡಿಗೆ ಇನ್ನೂರು ಕಿಲೋ. ಹಲಗೆಯಿಲ್ಲದೆಯೇ ಮಗನಿಗೆ ಇದನ್ನು ಬಿಡಿಸಿ ತೋರಿಸಿದೆ. ಒಪ್ಪಿದ. ಆದರೆ ಶಿಲ್ಪಿಯ ಎರಡಡಿಯೂ ನಿಲ್ಲಲಿಲ್ಲ. ರಟ್ಟಿನಲ್ಲಿ ಮುಳ್ಳುಹಂದಿಯ ಆಕಾರ ಕತ್ತರಿಸಿ ತೋಟದಲ್ಲಿ ನಿಲ್ಲಿಸಿದೆವು. ಒಳಗೆ ದೊಡ್ಡದಾಗಿ ಕಂಡದ್ದು ಹೊರಗೆ ಬೆಕ್ಕಿನ ಹಾಗಾಯಿತು. ಆಕಾಶದ ಕೆಳಗೆ ಎಲ್ಲವೂ ಸಣ್ಣದಾಗುತ್ತದೆ. ಕೊನೆಗೆ ಎರಡೂವರೆ ಅಡಿ, ಅಂದರೆ ಸುಮಾರು 76 ಸೆಂಟಿಮೀಟರಿಗೆ ನಿಂತೆವು. ರಟ್ಟಿನ ಈ ಪ್ರಯೋಗಕ್ಕೆ ಏನೂ ಖರ್ಚಿಲ್ಲ, ಯಾರು ಮೂರ್ತಿ ಮಾಡಿಸುವುದಿದ್ದರೂ ಇದೊಂದನ್ನು ಮಾಡಿ ನೋಡಿ.

ಮುಳ್ಳುಗಳದು ದೊಡ್ಡ ತಲೆನೋವು. ಮುಳ್ಳಿಲ್ಲದಿದ್ದರೆ ಅದು ಇಲಿ, ಮುಳ್ಳಿದ್ದರೆ ಮಗುವಿನ ಕಣ್ಣಿಗೆ ಅಪಾಯ. ಶಿಲ್ಪಿ ಒಂದು ವಿಷಯ ಹೇಳಿದರು, ನನಗೂ ಗೊತ್ತಿರಲಿಲ್ಲ. ಮುಳ್ಳುಹಂದಿಯ ಮುಳ್ಳು ಅಂದರೆ ಗಟ್ಟಿಯಾದ ಕೂದಲೇ. ಹೆದರಿದಾಗ, ಸಿಟ್ಟು ಬಂದಾಗ ನಿಮಿರುತ್ತದೆ. ಸುಮ್ಮನಿರುವಾಗ ಮೈಗೆ ಒರಗಿ ಮಲಗಿರುತ್ತದೆ. ನಮ್ಮದು ಸುಸ್ತಾಗಿ ಕೂತಿದೆ, ಯಾರ ಮೇಲೂ ಸಿಟ್ಟಿಲ್ಲ. ಹಾಗಾಗಿ ಎಲ್ಲ ಮುಳ್ಳೂ ಬಾಚಿದ ಹಾಗೆ ಹಿಂದಕ್ಕೆ ಮಲಗಿದವು. ತುದಿಗಳು ಉರುಟು. ಮುಂದಿನಿಂದ ಹಿಂದಕ್ಕೆ ಸವರಿದರೆ ಕೈಗೆ ಏರಿಳಿತ ಸಿಗುತ್ತದೆ, ಚುಚ್ಚುವುದಿಲ್ಲ. ಬೆನ್ನು ಹೇಗಿದೆ ಅಂತ ಅವರು ಮೊದಲ ದಿನವೇ ಯಾಕೆ ಕೇಳಿದರು ಅನ್ನುವುದು ಆಗ ಗೊತ್ತಾಯಿತು.

ಇನ್ನೊಂದು, ಸಂದುಗಳು. ಪಾರ್ಕಿನ ಜಾರುಬಂಡೆ, ಏಣಿಯಂಥ ಮಕ್ಕಳ ಆಟದ ಸಾಮಾನಿಗೆ ಇರುವ ಸುರಕ್ಷತೆಯ ನಿಯಮಗಳಲ್ಲಿ ಒಂದು ಅಳತೆ ಇದೆ. ಸುಮಾರು 9 ಸೆಂಟಿಮೀಟರಿಗಿಂತ ದೊಡ್ಡದಾಗಿ 23ಕ್ಕಿಂತ ಚಿಕ್ಕದಾಗಿರುವ ಸಂದು ಇರಬಾರದು. ಅದರೊಳಗೆ ಮಗುವಿನ ಮೈ ಹೋಗುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಮೊದಲ ಮಾದರಿಯಲ್ಲಿ ಲಾಟೀನಿನ ಹಿಡಿಗೂ ಮುಳ್ಳುಹಂದಿಯ ಹೊಟ್ಟೆಗೂ ನಡುವೆ 14 ಇತ್ತು. ನಾನು ಸ್ಕೇಲ್ ತೆಗೆದುಕೊಂಡು ಹೋಗಿದ್ದೆ, ಎಲ್ಲರೂ ನಕ್ಕರು. ಆಮೇಲೆ ಲಾಟೀನು ಮುಳ್ಳುಹಂದಿಯ ಮಡಿಲಿಗೆ ಬಂದು ಅಂಟಿತು. ನೋಡಲೂ ಈಗ ಅದೇ ಚೆನ್ನಾಗಿದೆ, ಮಗುವನ್ನು ಅವಚಿಕೊಂಡ ಹಾಗೆ.

ಕಂಚು ಹೇಗೆ ಆಗುತ್ತದೆ ಅನ್ನುವುದನ್ನು ನೋಡಿದ ಮೇಲೆ, ತಿಂಗಳೊಳಗೆ ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಮೊದಲು ಕಬ್ಬಿಣದ ಕಂಬಿಯ ಮೇಲೆ ಮಣ್ಣಿನ ಮೂರ್ತಿ. ಅದಕ್ಕೆ ರಬ್ಬರಿನ ಅಚ್ಚು. ಅಚ್ಚಿನೊಳಗೆ ಮೇಣ ಬಳಿದು ತೆಗೆದರೆ ಮೇಣದ ಟೊಳ್ಳು ಮುಳ್ಳುಹಂದಿ. ಅದಕ್ಕೆ ಮೇಣದ ಕೊಳವೆಗಳನ್ನು ಅಂಟಿಸುತ್ತಾರೆ, ಲೋಹ ಒಳಗೆ ಹರಿಯಲು, ಗಾಳಿ ಹೊರಗೆ ಹೋಗಲು. ಆಮೇಲೆ ಗಂಜಿಯಂಥ ದ್ರಾವಣದಲ್ಲಿ ಅದ್ದಿ ನುಣುಪು ಮರಳು ಹಾಕಿ ಒಣಗಿಸುವುದು, ಮತ್ತೆ ಅದ್ದುವುದು, ಮತ್ತೆ ಒಣಗಿಸುವುದು. ಹೀಗೆ ಪದರದ ಮೇಲೆ ಪದರ ಕೂತು ಗಟ್ಟಿ ಚಿಪ್ಪು ಆಗುತ್ತದೆ. ಚಿಪ್ಪನ್ನು ಕಾಯಿಸಿದರೆ ಮೇಣ ಕರಗಿ ಹೊರಗೆ ಹೋಗುತ್ತದೆ. ಮೇಣ ಇದ್ದ ಜಾಗಕ್ಕೆ ಸುಮಾರು 1,100 ಡಿಗ್ರಿಯ ಕಂಚು ಹೊಯ್ಯುತ್ತಾರೆ. ನಾನು ಹೋಗಿ ನೋಡಿದೆ. ನಾಲ್ಕು ಜನ ಒಂದೂ ಮಾತಾಡದೆ ಮೂಸೆ ಎತ್ತಿದರು. ಹೊಯ್ದದ್ದು ಒಂದೆರಡು ನಿಮಿಷ, ಅದಕ್ಕೆ ತಯಾರಿ ಮೂರು ತಿಂಗಳು. ಆರಿದ ಮೇಲೆ ಚಿಪ್ಪು ಒಡೆದು, ಕೊಳವೆ ಕತ್ತರಿಸಿ, ತುಂಡುಗಳನ್ನು ಬೆಸೆದು, ಬೆಸುಗೆ ಕಾಣದ ಹಾಗೆ ಉಜ್ಜಿದರು. ಕೊನೆಗೆ ಬೆಂಕಿಯಲ್ಲಿ ಮೈ ಬಿಸಿ ಮಾಡಿ ರಾಸಾಯನಿಕ ಹಚ್ಚಿ ಬಣ್ಣ ಕೂರಿಸಿ ಮೇಣ ಬಳಿದರು.

ಮಾಡಿಸುವವರು ಇದರಲ್ಲಿ ನೆನಪಿಡಬೇಕಾದದ್ದು ಒಂದೇ. ಏನೇ ಬದಲಾವಣೆ ಹೇಳುವುದಿದ್ದರೂ ಮಣ್ಣಿನಲ್ಲಿ ಇರುವಾಗ ಹೇಳಿ. ಅಚ್ಚು ತೆಗೆದ ಮೇಲೆ "ಕಿವಿ ಸ್ವಲ್ಪ ದೊಡ್ಡದಾಯ್ತು ಅಲ್ವಾ" ಅನ್ನಬೇಡಿ. ದುಡ್ಡನ್ನೂ ಆ ಹಂತಗಳ ಲೆಕ್ಕದಲ್ಲೇ ಕೊಟ್ಟೆವು. ಒಪ್ಪಂದದ ದಿನ ಒಂದು ಪಾಲು, ಮಣ್ಣಿನ ಮಾದರಿ ಒಪ್ಪಿದಾಗ ಒಂದು ಪಾಲು, ಎರಕವಾದಾಗ ಒಂದು, ನಿಲ್ಲಿಸಿದ ಮೇಲೆ ಉಳಿದದ್ದು. ರಬ್ಬರಿನ ಅಚ್ಚು ಯಾರ ಹತ್ತಿರ ಇರಬೇಕು ಅಂತಲೂ ಬರೆದುಕೊಂಡೆವು. ಒಂದೇ ಮೂರ್ತಿ ಅಂತ ಮಾತು ಕೊಟ್ಟಿದ್ದರಿಂದ ಅಚ್ಚನ್ನು ಕತ್ತರಿಸಿ ಹಾಕಿದರು. ಇಲ್ಲೂ ನನ್ನ ವಕೀಲೆ ಶಿಷ್ಯೆ ಒಂದು ವಿಚಿತ್ರ ಹೇಳಿದಳು. ದುಡ್ಡು ಕೊಟ್ಟು ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಹಕ್ಕು ಬರೆಸಿದವರಿಗೆ ಹೋಗುತ್ತದಂತೆ. ಆದರೆ ಕಾಯ್ದೆಯ ಆ ಪಟ್ಟಿಯಲ್ಲಿ ಶಿಲ್ಪದ ಹೆಸರಿಲ್ಲ. ಮೂರ್ತಿ ನಮ್ಮದಾದರೂ ಅದರ ಹಕ್ಕು ಶಿಲ್ಪಿಯದೇ. ಇದು ಸರಿ ಅಂತಲೇ ನನಗೆ ಅನಿಸಿತು.

ನಿಲ್ಲಿಸುವುದು ಒಂದು ದಿನದ ಕೆಲಸ. ತುಕ್ಕು ಹಿಡಿಯದ ಸ್ಟೀಲಿನ ಸರಳುಗಳನ್ನು ಕಾಂಕ್ರೀಟಿನೊಳಗೆ ಇಳಿಸಿ ಭದ್ರ ಮಾಡಿದರು. ಬುಡದಲ್ಲಿ ನೀರು ಇಳಿದುಹೋಗಲು ಸಣ್ಣ ತೂತು ಬಿಟ್ಟರು. ಕಟ್ಟೆ ಬೇಡ ಅಂದೆವು. ಕಟ್ಟೆಯ ಮೇಲೆ ಕೂರಿಸಿದರೆ ಅದು ಮಹಾಪುರುಷ ಆಗುತ್ತದೆ, ಮುಳ್ಳುಹಂದಿ ಆಗಿ ಉಳಿಯುವುದಿಲ್ಲ. ಬೇಲಿಯೂ ಇಲ್ಲ.

ಅಮೆರಿಕದ ಬಾಸ್ಟನ್ ನಗರದ ಪಬ್ಲಿಕ್ ಗಾರ್ಡನ್‌ನಲ್ಲಿ ಒಂದು ತಾಯಿ ಬಾತು, ಅದರ ಹಿಂದೆ ಎಂಟು ಮರಿಗಳು ಸಾಲಾಗಿ ಹೋಗುವ ಕಂಚಿನ ಮೂರ್ತಿಗಳಿವೆ. 1941ರ ಒಂದು ಮಕ್ಕಳ ಪುಸ್ತಕದ ಬಾತುಗಳು ಅವು. ನ್ಯಾನ್ಸಿ ಶೋನ್ ಎಂಬ ಶಿಲ್ಪಿ ಮಾಡಿ 1987ರಲ್ಲಿ ಅಲ್ಲಿಟ್ಟರು. ಅವೂ ನೆಲದ ಮೇಲೇ ನಡೆಯುತ್ತಿವೆ, ಮಕ್ಕಳು ಅವುಗಳ ಬೆನ್ನ ಮೇಲೆ ಕೂರುತ್ತಾರೆ. ಮರಿಗಳನ್ನು ಕಳ್ಳರು ಕೆಲವು ಸಲ ಕಿತ್ತುಕೊಂಡೂ ಹೋಗಿದ್ದಾರೆ, ಮತ್ತೆ ಮಾಡಿಸಿ ಇಟ್ಟಿದ್ದಾರೆ. ಕಂಚಿಗೆ ಕಳ್ಳರ ಕಾಟ ಇದ್ದದ್ದೇ. ಹೆಸರಾಂತ ಶಿಲ್ಪಿ ಹೆನ್ರಿ ಮೂರ್ ಅವರ ಎರಡು ಟನ್ನಿಗೂ ಮೀರಿದ ಮೂರ್ತಿಯನ್ನೇ 2005ರಲ್ಲಿ ಇಂಗ್ಲೆಂಡಿನಲ್ಲಿ ಲಾರಿಯಲ್ಲಿ ಹೊತ್ತೊಯ್ದರು. ನಮ್ಮದು ಐವತ್ತು ಕಿಲೋ. ಸರಳು ಹಾಕಿಸಿದ್ದು ಅದಕ್ಕೂ ಹೌದು.

ಮೂರ್ತಿ ಸುಮ್ನೆ ಅಲಂಕಾರಕ್ಕೆ ಅಂತ ನಿಮ್ಮ ಲೇಖನದ ಧಾಟಿ ಇತ್ತು. ಎಲ್ಲರಿಗೂ ಹಾಗಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೌರಿಂಗ್ ಪಾರ್ಕ್ ಅಂತ ಒಂದು ಉದ್ಯಾನ ಇದೆ. ಅಲ್ಲಿ ಪೀಟರ್ ಪ್ಯಾನ್ ಮೂರ್ತಿ ಇದೆ, ಮಕ್ಕಳ ಕಥೆಯ ಎಂದೂ ದೊಡ್ಡವನಾಗದ ಹುಡುಗನದು. ಮೂಲ ಮೂರ್ತಿ ಲಂಡನ್ನಿನದು, ಜಾರ್ಜ್ ಫ್ರಾಂಪ್ಟನ್ ಮಾಡಿದ್ದು. ಅದನ್ನು 1912ರ ಮೇ ತಿಂಗಳ ಮೊದಲ ದಿನ ಬೆಳಗಾಗುವಷ್ಟರಲ್ಲಿ, ಯಾರಿಗೂ ಹೇಳದೆ ನಿಲ್ಲಿಸಿದ್ದರು. ಮಕ್ಕಳಿಗೆ ರಾತ್ರೋರಾತ್ರಿ ಬಂದು ನಿಂತ ಹಾಗೆ ಕಾಣಲಿ ಅಂತ. ನ್ಯೂಫೌಂಡ್‌ಲ್ಯಾಂಡಿನದು ಅದರದೇ ಇನ್ನೊಂದು ಪ್ರತಿ, 1925ರಲ್ಲಿ ಇಟ್ಟದ್ದು. 1918ರಲ್ಲಿ ಹಡಗು ಬಂಡೆಗೆ ಬಡಿದು ತೀರಿಹೋದ ಮೂರು ವರ್ಷದ ಒಬ್ಬ ಹುಡುಗಿಯ ನೆನಪಿಗೆ ಮನೆಯ ಹಿರಿಯರು ಇಡಿಸಿದರು. ಮೊನ್ನೆ ಮೊಮ್ಮಗಳಿಗೆ ಇದನ್ನು ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ನಮ್ಮ ಮುಳ್ಳುಹಂದಿ ತೋಟಕ್ಕೆ ಬಂದು ಈಗ ಒಂದೂಕಾಲು ವರ್ಷ. ಮೈಯೆಲ್ಲ ಕಡುಕಂದು, ಮೂಗು ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಬಂದ ಮಕ್ಕಳೆಲ್ಲ ಅದನ್ನೇ ಹಿಡಿಯುತ್ತಾರೆ. ಮತ್ತೆ ಬಣ್ಣ ಕೂರಿಸಲಾ ಅಂತ ಶಿಲ್ಪಿಯನ್ನು ಕೇಳಿದೆ. ಬೇಡ, ಮಕ್ಕಳ ಕೈ ಹಚ್ಚಿದ ಬಣ್ಣ ಅದು ಅಂದರು. ವರ್ಷಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು, ಒರೆಸಿ, ಮೇಣ ತಿಕ್ಕಿದರೆ ಸಾಕಂತೆ.

ಲಕೋಟೆಯ ವಿಷಯ ಬಾಕಿ ಇದೆ. ಮೂರ್ತಿ ನಿಲ್ಲಿಸಿದ ಸಂಜೆ ಎಲ್ಲರೂ ಅದರ ಸುತ್ತ ಕೂತು ಒಡೆದೆವು. ಶಿಲ್ಪಿಯೂ ಇದ್ದರು. ಒಂದು ಬದಿ ಇಡೀ ಪುಟ ಕತ್ತಲೆ, ಕಡುನೀಲಿ ಬಣ್ಣ. ಮೇಲಿನ ಮೂಲೆಯಲ್ಲಿ ಕೊಂಬೆಗೆ ನೇತು ಹಾಕಿದ ಲಾಟೀನು ಒಂದೇ. ಮುಳ್ಳುಹಂದಿ ಇಲ್ಲ. ಹಿಂದಿನ ಬದಿಯಲ್ಲೂ ಇಲ್ಲ, ಬರೀ ದಾರಿ. ಮಗ ಹಾಳೆಯನ್ನು ಬೆಳಕಿಗೆ ಹಿಡಿದು ಹಳ್ಳ ಹುಡುಕಿದ. ಮಗಳು ಮಾತಾಡಲಿಲ್ಲ. "ಕೊಂಬೆ ಅಂತ ನಾನು ಹೇಳಿರಲಿಲ್ವಾ?" ಅಂತ ಯಜಮಾನರು ಎದೆ ಉಬ್ಬಿಸಿದರು. ಮುಳ್ಳುಹಂದಿ ಎಲ್ಲಿ ಹೋಯ್ತು ಹಾಗಾದ್ರೆ ಅಂತ ಕೇಳಿದೆ. "ಇಲ್ಲಿ ಬಂದು ಕೂತಿರುವಾಗ ಅಲ್ಲಿ ಹೆಂಗೆ ಇರುತ್ತೆ?" ಅಂದರು.

ಅಂದಿನಿಂದ ನಾನು ಅವರ ಜೊತೆ ಪುಸ್ತಕದ ವಿಷಯದಲ್ಲಿ ವಾದಕ್ಕೆ ಹೋಗಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಸಣ್ಣದು. ಆ ಲೇಖನದ ಮುಂದಿನ ಕಂತು ಬರುವುದಿದ್ದರೆ ಎರಡು ಮಾತು ಸೇರಿಸಿ. ಚಿತ್ರ ಬರೆದವರನ್ನೋ ಅವರ ಮನೆಯವರನ್ನೋ ಮೊದಲು ಕೇಳಿ ಅನ್ನುವುದು ಒಂದು. ಶಿಲ್ಪಿಯ ಕೈಗೆ ಫೋಟೊ ಕೊಡುವ ಬದಲು ಪುಸ್ತಕವನ್ನೇ ಕೊಟ್ಟು, ಓದಲು ಒಂದು ವಾರ ಬಿಡಿ ಅನ್ನುವುದು ಇನ್ನೊಂದು. ಕೇಳದೇ ಇದ್ದಿದ್ದರೆ ನಮಗೆ ಆ ಹಾಳೆ ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಫೈಬರಿನ ಹಳೇ ಮುಳ್ಳುಹಂದಿ ಇನ್ನೂ ಹಿತ್ತಲಿನ ಶೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಲೇಖಕರಿಗೆ ಫೋಟೊ ಬೇಕಿದ್ದರೆ ಅದರ ಬೆನ್ನಿನದು ಕಳಿಸಿಕೊಡುತ್ತೇನೆ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ನಿವೃತ್ತ ಗಣಿತ ಶಿಕ್ಷಕಿ